ಎರಡು ಬಾವುಟ

ಆಗಿನ್ನೂ ಬಹ್ರೈನಿನಲ್ಲಿ ವಾರದ ರಜೆ ಗುರುವಾರ, ಶುಕ್ರವಾರ ಇತ್ತು. 2006ರ ಸೆಪ್ಟೆಂಬರಿನಲ್ಲಿ ಅದು ಶುಕ್ರವಾರ, ಶನಿವಾರಕ್ಕೆ ಬಂತು. ಈ ಕಥೆ ಅದಕ್ಕೂ ಹಿಂದಿನದು. ಎರಡು ದಿನ ರಜೆ ಎಂಬುದು ಕಚೇರಿಯವರ ಲೆಕ್ಕ. ಸಿತ್ರಾದ ಯಾರ್ಡುಗಳಲ್ಲಿ ದುಡಿಯುವವರಿಗೆ ಸಿಗುತ್ತಿದ್ದದ್ದು ಶುಕ್ರವಾರ ಒಂದೇ. ಆ ಒಂದು ದಿನದಲ್ಲಿ ಬಟ್ಟೆ ಒಗೆಯಬೇಕು, ಊರಿಗೆ ಫೋನು ಮಾಡಬೇಕು, ಮನಾಮಕ್ಕೆ ಬಂದು ದುಡ್ಡು ಕಳಿಸಬೇಕು, ಸಂಜೆ ಕನ್ನಡ ಸಂಘದ ಕಡೆ ಯಕ್ಷಗಾನದ ಅಭ್ಯಾಸವಿದ್ದರೆ ಅಲ್ಲಿಗೂ ಮುಖ ತೋರಿಸಬೇಕು. ಅಂಥದೊಂದು ಶುಕ್ರವಾರವನ್ನು ಇಡಿಯಾಗಿ ಚೆಸ್ಸಿಗೆ ಕೊಟ್ಟ ನಮ್ಮ ಶೆಟ್ರ ಸಂಗತಿ ಇದು.

ಚಳಿಗಾಲ ಬಂತೆಂದರೆ ಸಖೀರ್ ಕಡೆ ಮರಳಿನಲ್ಲಿ ಟೆಂಟು ಹಾಕುವುದು ಬಹ್ರೈನಿನವರ ರೂಢಿ. ಅವರನ್ನು ನೋಡಿ ನಾವೂ ಕಲಿತೆವು. ರಾತ್ರಿ ಬೆಂಕಿ ಹಾಕಿ ಸುತ್ತ ಕೂತಾಗ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಶೆಟ್ರು ಎದುರಿಗಿದ್ದರೆ ಒಂದು ಬಗೆಯಲ್ಲಿ ಹೇಳುತ್ತೇನೆ, ಇಲ್ಲದಿದ್ದರೆ ಇನ್ನೊಂದು ಬಗೆಯಲ್ಲಿ. ಇದು ಅವರಿಲ್ಲದಾಗಿನ ಬಗೆ.

ಶೆಟ್ರು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಫೋರ್‌ಮನ್. ಉಡುಪಿಯ ಕಡೆಯವರು. ಚೆಸ್ ಕಲಿತದ್ದು ಮನೆಯ ಚಾವಡಿಯಲ್ಲಿ, ಆಟಿ ತಿಂಗಳ ಮಳೆಗೆ ಹೊರಗೆ ಕೆಲಸವಿಲ್ಲದ ದಿನಗಳಲ್ಲಿ, ಮಾವನ ಎದುರು ಕೂತು. ಅಲ್ಲಿ ಒಂದು ನಡೆಗೆ ಒಂದು ಎಲೆಅಡಿಕೆ ಹಾಕಿ ಮುಗಿಯುವಷ್ಟು ಹೊತ್ತು. ಊಟದ ಕರೆ ಬಂದರೆ ಆಟ ಹಾಗೇ ಬಿಟ್ಟು ಏಳುವುದು, ಕಾಯಿ ಕದಲಿಸಬೇಡಿ ಅಂತ ಮಕ್ಕಳಿಗೆ ಹೇಳಿ ಹೋಗುವುದು. ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗಬೇಕು, ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಈ ಊರಿನ ನಿಯಮಗಳನ್ನು ಬಿಡಿಸಿ ಅಂತರರಾಷ್ಟ್ರೀಯ ನಿಯಮ ಕಲಿಸಲು ನನಗೆ ಕೆಲವು ಶುಕ್ರವಾರಗಳೇ ಹಿಡಿದವು. ಕೋಟೆ ಕಟ್ಟುವುದು ಅವರಿಗೆ ತುಂಬ ಹಿಡಿಸಿತು. ಹೇಳದೆ ಬಿಟ್ಟದ್ದು ಗಡಿಯಾರದ ವಿಷಯ. ಅದನ್ನು ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ. ಅದು ಎದುರಿಗಿದ್ದು ಓಡಬೇಕು.

ಗಡಿಯಾರವಿಲ್ಲದ ಚೆಸ್ ಕಡಿಮೆಯದು ಅಂತ ನಾನು ಹೇಳುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನು ಅರುವತ್ತನಾಲ್ಕೂ ಮನೆಗಳಲ್ಲಿ, ಕಾಲಿಟ್ಟಲ್ಲಿ ಮತ್ತೆ ಕಾಲಿಡದ ಹಾಗೆ ಸುತ್ತಿಸುವ ಬಂಧಗಳನ್ನು ರಚಿಸಿದ್ದು ಗಡಿಯಾರ ಇಟ್ಟುಕೊಂಡಲ್ಲ. ಪಂದ್ಯಾವಳಿ ಅಂತ ಶುರುವಾದ ಮೇಲೆ ತೊಂದರೆಯೂ ಶುರುವಾಯಿತು. 1851ರ ಲಂಡನ್ ಟೂರ್ನಮೆಂಟಿನಲ್ಲಿ ಎಲೈಜಾ ವಿಲಿಯಮ್ಸ್ ಎಂಬಾತ ಒಂದೊಂದು ನಡೆಗೂ ಮಿತಿಯಿಲ್ಲದೆ ಕೂತು ಎದುರಾಳಿಗಳ ತಾಳ್ಮೆ ಕೆಡಿಸುತ್ತಾನೆ ಎಂಬ ದೂರು ಬಂತು. ಹತ್ತು ವರ್ಷದ ಮೇಲೆ ಮರಳಿನ ಗಡಿಯಾರ ಬಂತು. 1883ರಲ್ಲಿ, ಮತ್ತೆ ಲಂಡನ್ನಿನಲ್ಲೇ, ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ರೂಪಿಸಿದ ಜೋಡಿ ಗಡಿಯಾರ ಬಂತು: ಒಂದು ಓಡಿದರೆ ಇನ್ನೊಂದು ನಿಲ್ಲುವಂಥದು. ಅದರ ವಂಶದವೇ ಆ ಶುಕ್ರವಾರ, ಶೆಟ್ರು ಆಡಲು ಬಂದ ಟೂರ್ನಮೆಂಟಿನ ದಿನ, ಮನಾಮದ ಒಂದು ಹಾಲಿನಲ್ಲಿ ಮೇಜುಮೇಜಿಗೆ ಕೂತಿದ್ದವು.

ಗಡಿಯಾರಗಳಿಗೆ ಕೀಲಿ ಕೊಡುವುದು ನನ್ನ ಕೆಲಸ. ತೀರ್ಪು ಕೊಡುವ ಆರ್ಬಿಟರ್ ಕೇರಳದವರು, ಮಾತು ಕಡಿಮೆ, ಮೀಸೆ ಜಾಸ್ತಿ. ನಾನು ಅವರ ಸಹಾಯಕ್ಕೆ ನಿಂತವನು. ಮರದ ಪೆಟ್ಟಿಗೆ, ಎರಡು ಮುಖ, ತಲೆಯ ಮೇಲೆ ಎರಡು ಗುಂಡಿ, ಬೆನ್ನಿಗೆ ಕೀಲಿ. ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷದ ರ‍್ಯಾಪಿಡ್ ಆಟ. ಆದ್ದರಿಂದ ಎರಡೂ ಮುಖಗಳಲ್ಲಿ ಮುಳ್ಳುಗಳನ್ನು ಐದು ಗಂಟೆ ಮೂವತ್ತೈದು ನಿಮಿಷಕ್ಕೆ ತಿರುಗಿಸಿ ಇಟ್ಟುಕೊಂಡು ಹೋದೆ.

ಶೆಟ್ರು ತಮ್ಮ ಕೈಗಡಿಯಾರ ನೋಡಿದರು, ಮೇಜಿನದನ್ನು ನೋಡಿದರು. "ಎಂತದು ಮಾರಾಯ, ಈಗ ಬೆಳಿಗ್ಗೆ ಒಂಬತ್ತೂವರೆ ಅಲ್ವಾ? ಇದು ಹಾಳಾಗಿದೆ."

"ಹಾಳಾಗಿಲ್ಲ ಶೆಟ್ರೆ. ನಿಮ್ಮ ಪಾಲಿಗೆ ಆರು ಗಂಟೆ ಹೊಡೆದರೆ ಆಟ ಮುಗಿಯಿತು. ಈ ಕೆಂಪು ತಗಡು ನೋಡಿ. ನಿಮಿಷದ ಮುಳ್ಳು ಹನ್ನೆರಡರ ಹತ್ತಿರ ಬಂದಾಗ ಇದನ್ನು ಮೆಲ್ಲಗೆ ಎತ್ತುತ್ತದೆ. ಆರಕ್ಕೆ ಸರಿಯಾಗಿ ಬಿಟ್ಟುಬಿಡುತ್ತದೆ. ಬಾವುಟ ಬಿತ್ತು ಅಂದರೆ ಸೋತಿರಿ."

"ಕಾಯಿ ಎಷ್ಟೇ ಇರಲಿ?"

"ಎಷ್ಟೇ ಇರಲಿ."

ಅವರು ತಲೆಯಾಡಿಸಿದರು. ಅರ್ಥವಾಗಿ ಆಡಿಸಿದ ತಲೆಯಲ್ಲ ಅದು ಅಂತ ನನಗೆ ಆಗಲೇ ಅನಿಸಿತು.

ಮೊದಲ ಸುತ್ತಿನಲ್ಲಿ ಎದುರಿಗೆ ಕೂತದ್ದು ಎಂಟನೇ ಕ್ಲಾಸಿನ ಹುಡುಗ. ಆ ಕಾಲದಲ್ಲಿ ಇಂಥ ಹುಡುಗರಿಗೆಲ್ಲ ಆನಂದರೇ ದೇವರು. 1987ರಲ್ಲಿ ಜಗತ್ತಿನ ಜೂನಿಯರ್ ಚಾಂಪಿಯನ್ ಆದ ವಿಶ್ವನಾಥನ್ ಆನಂದ್ ಬಾಲ್ಯದಲ್ಲಿ ಮಿಂಚಿನಂತೆ ಆಡುತ್ತಿದ್ದರೆಂಬ ಕಥೆ ಕೇಳಿ, ತಾವೂ ಮಿಂಚಬೇಕೆಂದು ಕಾಯಿಗಳನ್ನು ಟಪಟಪ ಇಡುವವರು. ಆನಂದ್ ವೇಗವಾಗಿ ಆಡುತ್ತಿದ್ದರು, ಆದರೆ ಕೆಟ್ಟದಾಗಿ ಆಡುತ್ತಿರಲಿಲ್ಲ ಎಂಬ ಎರಡನೇ ಭಾಗ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಆರು ನಡೆ ಆಯಿತು. ಶೆಟ್ರು ಕುದುರೆಯನ್ನು ಇಟ್ಟು ಕೈಕಟ್ಟಿ ಕೂತರು. ಹುಡುಗನೂ ಗಲ್ಲಕ್ಕೆ ಕೈ ಕೊಟ್ಟು ಕೂತ. ಒಂದು ನಿಮಿಷ, ಎರಡು ನಿಮಿಷ. ಇಷ್ಟು ಬೇಗ ಆಡುವ ಹುಡುಗ ಈಗ್ಯಾಕೆ ಯೋಚನೆ ಮಾಡುತ್ತಿದ್ದಾನೆ ಅಂತ ಶೆಟ್ರಿಗೆ ಒಳಗೊಳಗೇ ಖುಷಿ. ತಮ್ಮ ಕುದುರೆ ಅಷ್ಟು ಚಂದ ಕೂತಿದೆ ಅಂತ. ಅವರು ಗುಂಡಿ ಒತ್ತಿರಲಿಲ್ಲ. ಓಡುತ್ತಿದ್ದದ್ದು ಅವರದೇ ಗಡಿಯಾರ. ಹುಡುಗ ಅದನ್ನು ಹೇಳಬೇಕಾಗಿಲ್ಲ. ಹೇಳಿದರೆ ಅದು ಅವನ ದೊಡ್ಡತನ. ಹೇಳಲಿಲ್ಲ. ಶೆಟ್ರ ಕಣ್ಣು ಅಕಸ್ಮಾತ್ತಾಗಿ ಗಡಿಯಾರದ ಮೇಲೆ ಬೀಳುವಷ್ಟರಲ್ಲಿ ಐದಾರು ನಿಮಿಷ ಹೋಗಿತ್ತು.

ಆಮೇಲೂ ಅವರು ಚೆನ್ನಾಗಿಯೇ ಆಡಿದರು. ಹುಡುಗನ ಒಂದು ಆನೆ ಹೊಡೆದರು. ಇನ್ನೊಂದು ಹತ್ತು ನಡೆಯಲ್ಲಿ ಮುಗಿಯುವ ಆಟ. ಅಷ್ಟರಲ್ಲಿ ಹುಡುಗ ಎರಡೂ ಗುಂಡಿಗಳನ್ನು ನಡುವೆ ನಿಲ್ಲಿಸಿ ಕೈ ಎತ್ತಿದ: "ಟೈಮ್, ಸರ್." ಬಾವುಟ ಬಿದ್ದಿತ್ತು.

"ನನಗೆ ಆನೆ ಹೆಚ್ಚಿದೆಯಲ್ಲ!" ಅಂದರು ಶೆಟ್ರು, ನನ್ನ ಕಡೆ ತಿರುಗಿ, ನ್ಯಾಯ ಕೇಳುವ ದನಿಯಲ್ಲಿ. ನಾನೇನು ಹೇಳಲಿ? ಹುಡುಗ ಎದ್ದು, "ಥ್ಯಾಂಕ್ಯೂ ಅಂಕಲ್," ಅಂತ ಕೈಕುಲುಕಿ ಹೊರಗೆ ಓಡಿದ.

ಎರಡನೇ ಸುತ್ತನ್ನು ಉದ್ದ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಗಡಿಯಾರದ ಹೆದರಿಕೆ ಹತ್ತಿದ ಹೊಸಬ ಏನು ಮಾಡುತ್ತಾನೋ ಶೆಟ್ರೂ ಅದನ್ನೇ ಮಾಡಿದರು. ಗುಂಡಿಯ ಮೇಲೆ ಒಂದು ಕೈ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಆಡಲು ಹೋಗಿ ಆರ್ಬಿಟರ್ ಹತ್ತಿರ ಹೇಳಿಸಿಕೊಂಡರು; ಕಾಯಿ ನಡೆಸಿದ ಕೈಯಲ್ಲೇ ಗುಂಡಿ ಒತ್ತಬೇಕೆಂಬುದು ನಿಯಮ. ಓಡಿಸಿ ಓಡಿಸಿ ಆಡಿ, ಮಂತ್ರಿಯನ್ನು ಒಂಟೆಯ ಬಾಯಿಗೆ ಕೊಟ್ಟು ಸೋತರು. ಎದ್ದಾಗ ಅವರ ಗಡಿಯಾರದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಸಮಯ ಉಳಿದಿತ್ತು. ಉಳಿದ ಸಮಯಕ್ಕೆ ಅಂಕ ಕೊಡುವ ಕ್ರಮ ಚೆಸ್ಸಿನಲ್ಲಿಲ್ಲ.

ಮಧ್ಯಾಹ್ನದ ನಮಾಜಿಗೆ ಬಿಡುವು ಬಂತು. ಜುಮ್ಮಾ ದಿನವಾದ್ದರಿಂದ ಬಿಡುವು ಉದ್ದ. ಗಲ್ಲಿಯ ಕೊನೆಯ ಮಲಯಾಳಿ ಹೋಟೆಲಿನಲ್ಲಿ ಮೀನೂಟ ಮುಗಿಸಿ ಕರಕ್ ಚಾಯ್ ಹಿಡಿದು ಹೊರಗೆ ನಿಂತೆವು. ಆರ್ಬಿಟರೂ ಅಲ್ಲಿಗೇ ಬಂದರು. ಆ ಮನುಷ್ಯ ಆ ದಿನ ಬಾಯಿ ಬಿಟ್ಟದ್ದು ಅಲ್ಲಿ. ನನ್ನ ಮಟ್ಟಿಗೆ ಇಡೀ ಟೂರ್ನಮೆಂಟಿನ ಬೆಲೆ ಆ ಹದಿನೈದು ನಿಮಿಷದ್ದು.

"ನೀವು ನಿಧಾನದ ಆಟಗಾರರಲ್ಲ," ಅಂದರು ಅವರು ಶೆಟ್ರಿಗೆ, ಅರ್ಧ ಹಿಂದಿ ಅರ್ಧ ಮಲಯಾಳದಲ್ಲಿ. "ನಿಮ್ಮ ಮೊದಲ ಆಟ ನೋಡಿದೆ. ಅವನು ನಿಮ್ಮ ಒಂಟೆ ಹೊಡೆದ. ತಿರುಗಿ ಹೊಡೆಯಲು ನಿಮಗಿದ್ದದ್ದು ಒಂದೇ ಕಾಯಿ. ಅದಕ್ಕೆ ಎರಡು ನಿಮಿಷ ಕೂತಿರಿ. ಆನೆ ಗೆದ್ದ ಮೇಲೆ ರಾಜನನ್ನು ಎಲ್ಲಿಗೆ ಸರಿಸಬೇಕು ಅಂತ ನಿಜವಾಗಿ ಯೋಚಿಸಬೇಕಾದ ಹೊತ್ತಿಗೆ ನಿಮ್ಮ ಹತ್ತಿರ ಎರಡು ನಿಮಿಷ ಇರಲಿಲ್ಲ."

ಶೆಟ್ರು ಚಾಯ್ ಕುಡಿಯುವುದನ್ನು ನಿಲ್ಲಿಸಿದರು. ಈ ಭಾಷೆ ಅವರಿಗೆ ಗೊತ್ತಿತ್ತು. ರಿಫೈನರಿಯ ಶಟ್‌ಡೌನ್ ಕೆಲಸಕ್ಕೆ ಜನ ಕರೆದೊಯ್ದವರು ಅವರು. ಇಷ್ಟು ದಿನಕ್ಕೆ ಘಟಕ ನಿಲ್ಲಿಸುತ್ತಾರೆ, ಅಷ್ಟರೊಳಗೆ ಬಿಚ್ಚಿ, ಬೆಸೆದು, ಪರೀಕ್ಷಿಸಿ, ಕಟ್ಟಿ ಕೊಡಬೇಕು. ಒಂದು ಗಂಟೆ ಮೀರಿದರೂ ಮೇಲಿನವರಿಂದ ಕೆಳಗಿನವರ ತನಕ ಬೈಗುಳ. ಅಲ್ಲಿ ಶೆಟ್ರು ಅರ್ಧ ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆದಿಡುವವರು. ಚೆಸ್ ಬೋರ್ಡಿನ ಮುಂದೆ ಮಾತ್ರ ಚಾವಡಿಯ ಮಾವನ ಎದುರು ಕೂತ ಹುಡುಗನಾಗಿಬಿಡುತ್ತಿದ್ದರು.

"ಹಾಗಾದರೆ ಇಪ್ಪತ್ತೈದು ನಿಮಿಷವನ್ನು ಹಂಚಿಕೊಳ್ಳಬೇಕು," ಅಂದರು ಅವರೇ.

ಹೋಟೆಲಿನವನ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆವು. ಒಂದು ಆಟಕ್ಕೆ ನಲವತ್ತು ನಡೆ ಅಂತ ಇಟ್ಟುಕೊಂಡರೆ ನಡೆಗೆ ಮೂವತ್ತೇಳು ಸೆಕೆಂಡು ಚಿಲ್ಲರೆ. ಆದರೆ ಸಮನಾಗಿ ಹಂಚುವುದು ದಡ್ಡತನ ಅಂದರು ಆರ್ಬಿಟರ್. ಮೊದಲ ಹತ್ತು ನಡೆ ಗೊತ್ತಿರುವ ದಾರಿಯವು: ನಡುವಿನ ಕಾಲಾಳು, ಕುದುರೆ, ಒಂಟೆ, ಕೋಟೆ. ಅದಕ್ಕೆ ನಾಲ್ಕು ನಿಮಿಷ ಸಾಕು. ಕೊನೆಗೆ ಐದು ನಿಮಿಷ ಮುಟ್ಟದೆ ಉಳಿಸಿಕೊಳ್ಳಬೇಕು. ನಡುವೆ ಉಳಿಯುವ ಹದಿನಾರು ನಿಮಿಷದಲ್ಲಿ ಎರಡೋ ಮೂರೋ ಕಡೆ, ಕಾಯಿಗಳು ಸಾಲಾಗಿ ಕಡಿದಾಡುವಲ್ಲಿ ಅಥವಾ ರಾಜನ ಮುಂದಿನ ಗೋಡೆ ಒಡೆಯುವಲ್ಲಿ, ಧೈರ್ಯವಾಗಿ ಎರಡು ಮೂರು ನಿಮಿಷ ಸುರಿಯಬಹುದು. ಎದುರಿನವನು ಯೋಚಿಸುವಾಗ ಎದ್ದು ತಿರುಗಾಡಬಾರದು. ಅದು ಪುಕ್ಕಟೆ ಸಿಕ್ಕುವ ಸಮಯ. ಕೊನೆಯದಾಗಿ, ಐದು ನಡೆಗೊಮ್ಮೆ ಗಡಿಯಾರ ನೋಡಿ ಹಾಳೆಯಲ್ಲಿ ಬರೆದಿಡಿ ಅಂದರು. ರ‍್ಯಾಪಿಡ್ ಆಟದಲ್ಲಿ ನಡೆ ಬರೆಯುವ ಕಡ್ಡಾಯವಿಲ್ಲ, ಬರೆದರೆ ಬೇಡ ಅನ್ನುವವರೂ ಇಲ್ಲ.

ಮೂರನೇ ಸುತ್ತು ಶೆಟ್ರು ಗೆದ್ದರು. ಎದುರಾಳಿ ಅವರಿಗಿಂತ ಹೊಸಬ, ಅದನ್ನೂ ಹೇಳಿಬಿಡಬೇಕು. ಆದರೂ ಗಡಿಯಾರದಲ್ಲಿ ಏಳು ನಿಮಿಷ ಉಳಿಸಿ ಗೆದ್ದದ್ದು, ಹಾಳೆಯ ಅಂಚಿನಲ್ಲಿ ಐದು ನಡೆಗೊಂದು ಅಂಕಿ ಬರೆದದ್ದು ನಿಜ.

ಕೊನೆಯ ಸುತ್ತಿಗೆ ಎದುರು ಬಂದದ್ದು ಮುಹರಕ್‌ನ ಒಬ್ಬ ಹಿರಿಯರು. ಬಿಳಿ ತೋಬು, ತಲೆಗೆ ಗುತ್ರಾ, ಕೈಯಲ್ಲಿ ಜಪಮಣಿ. ಎಲ್ಲರೂ ಹಜ್ಜಿ ಅಂತಿದ್ದರು, ಶೆಟ್ರೂ ಹಾಗೇ ಕರೆದರು. ಅವರೂ ಕಾಫಿ ಅಂಗಡಿಯ ಬೆಂಚಿನ ಮೇಲೆ ಗಡಿಯಾರವಿಲ್ಲದೆ ಆಡಿ ಬೆಳೆದವರೇ. ಮೊಮ್ಮಗ ಹೆಸರು ಕೊಟ್ಟನೆಂದು ಬಂದಿದ್ದರಂತೆ. ನೋಡಿದ ಕೂಡಲೇ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಹುಟ್ಟಿದ ಹಾಗಿತ್ತು.

ಇಪ್ಪತ್ತು ನಡೆಯ ತನಕ ಶೆಟ್ರು ಹಾಳೆಯಲ್ಲಿ ಬರೆದಿದ್ದಾರೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ: ಐದಕ್ಕೆ ಎರಡು ನಿಮಿಷ, ಹತ್ತಕ್ಕೆ ನಾಲ್ಕೂವರೆ, ಹದಿನೈದಕ್ಕೆ ಒಂಬತ್ತು, ಇಪ್ಪತ್ತಕ್ಕೆ ಹದಿನಾರು. ಅಲ್ಲಿಂದ ಮುಂದೆ ಖಾಲಿ. ಆಟ ಅಷ್ಟು ರುಚಿಯಾಗಿತ್ತು. ಮೇಜಿನ ಸುತ್ತ ಜನ ಸೇರಿದರು. ಬೆಳಗಿನ ಹುಡುಗನೂ ಬಂದು ನಿಂತ. ಮಂತ್ರಿಗಳು ಎರಡೂ ಹೋದವು. ಶೆಟ್ರ ಒಂದು ಕಾಲಾಳು ಓಡಿ ಓಡಿ ಕೊನೆಯ ಸಾಲಿಗೆ ಎರಡೇ ಮನೆ ಅನ್ನುವಲ್ಲಿಗೆ ಬಂತು. ಹಜ್ಜಿಯ ಕುದುರೆ ಆ ದಾರಿ ಕಾಯುತ್ತಿತ್ತು. ಹಜ್ಜಿ ಯೋಚನೆಗೆ ಕೂತರು. ಜಪಮಣಿ ನಿಂತಿತು.

ನಾನು ಮೇಜಿನ ಬದಿಗೆ ನಿಂತಿದ್ದೆ. ಹಜ್ಜಿಯ ಬದಿಯ ಕೆಂಪು ತಗಡು ಎದ್ದು ಅಡ್ಡವಾಗಿ ನಿಂತಿತ್ತು. ನಾನು ನೋಡುತ್ತಿದ್ದ ಹಾಗೇ ಬಿತ್ತು. ಟಿಕ್ ಅಂತ ಸದ್ದೂ ಆಗಲಿಲ್ಲ.

ಶೆಟ್ರು ಗೆದ್ದಿದ್ದರು. ಎರಡೂ ಗುಂಡಿ ನಿಲ್ಲಿಸಿ ಕೈ ಎತ್ತಿ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆ ಮಾತು ಅವರೇ ಹೇಳಬೇಕು. ಆಗಿನ ರ‍್ಯಾಪಿಡ್ ನಿಯಮದಲ್ಲಿ ಬಾವುಟ ಬಿದ್ದದ್ದನ್ನು ಆಟಗಾರ ಹೇಳುವ ತನಕ ಅದು ಬಿದ್ದ ಲೆಕ್ಕಕ್ಕಿಲ್ಲ. ಆರ್ಬಿಟರ್ ಆಗಲಿ, ಸಹಾಯಕನಾಗಲಿ, ನೋಡುವವರಾಗಲಿ ಉಸಿರೆತ್ತುವ ಹಾಗಿಲ್ಲ. ನಾನು ಆರ್ಬಿಟರ್ ಮುಖ ನೋಡಿದೆ. ಅವರು ಛಾವಣಿಯ ಫ್ಯಾನು ನೋಡುತ್ತಿದ್ದರು. ಬೆಳಗಿನ ಹುಡುಗ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ.

ಹಜ್ಜಿ ಕುದುರೆ ಸರಿಸಿ ಗುಂಡಿ ಒತ್ತಿದರು. ಈಗ ಶೆಟ್ರ ಗಡಿಯಾರ ಓಡತೊಡಗಿತು. ಅವರ ಬಾವುಟವೂ ಆಗಲೇ ಅರ್ಧ ಎದ್ದಿತ್ತು. ಎರಡು ನಿಮಿಷ ಇದ್ದಿರಬಹುದು. ಶೆಟ್ರು ಬೋರ್ಡಿನ ಮೇಲೆ ಬಾಗಿದರು. ಕಾಲಾಳನ್ನು ಈಗಲೇ ನೂಕುವುದೋ, ಮೊದಲು ಕುದುರೆಯನ್ನು ಓಡಿಸುವುದೋ? ಒಂದು ಗೇಣು ಆಚೆ ಗಡಿಯಾರ. ಕತ್ತು ಸ್ವಲ್ಪ ಹೊರಳಿಸಿದರೆ ಸಾಕು. ನಾನು ಕೆಮ್ಮಲೂ ಇಲ್ಲ. ಕೆಮ್ಮಿದರೆ ಅದಕ್ಕೂ ಅರ್ಥ ಬರುತ್ತದೆ. ಅವರ ಬಾವುಟವೂ ಬಿತ್ತು. ಆಮೇಲೆ ಶೆಟ್ರು ಸಮಾಧಾನವಾಗಿ ಆನೆಯನ್ನು ಕುದುರೆಯ ಮನೆಯ ಸಾಲಿಗೆ ತಂದು ನಿಲ್ಲಿಸಿದರು. ಒಳ್ಳೆಯ ನಡೆ.

ಮೊದಲು ನೋಡಿದ್ದು ಹಜ್ಜಿ. ಗುಂಡಿಯತ್ತ ಚಾಚಿದ ಕೈ ಹಾಗೇ ನಿಂತಿತು. ಗಡಿಯಾರ ನೋಡಿದರು, ಶೆಟ್ರ ಮುಖ ನೋಡಿದರು, ಹೊಟ್ಟೆ ಕುಣಿಸಿ ನಗತೊಡಗಿದರು. "ಖಲಾಸ್! ಇಸ್ನೇನ್ ಖಲಾಸ್!" ಎರಡೂ ಬಾವುಟ ಬಿದ್ದರೆ ಆಟ ಡ್ರಾ. ಅರ್ಧರ್ಧ ಅಂಕ.

ಶೆಟ್ರು ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ಬದಿಗೆ ಕರೆದರು.

"ಅವರದು ಮೊದಲು ಬಿತ್ತಾ?"

"ಹೌದು."

"ನೀನು ನೋಡಿದ್ದೆಯಾ?"

"ನೋಡಿದ್ದೆ ಶೆಟ್ರೆ. ಹೇಳುವ ಹಾಗಿಲ್ಲ."

"ಊರಿನವನಾಗಿ ಒಂದು ಕಣ್ಣು ಮಿಟುಕಿಸಲಿಕ್ಕೂ ಆಗಲಿಲ್ಲ ನಿನಗೆ," ಅಂದರು. ಆ ರಾತ್ರಿ ಸಿತ್ರಾಕ್ಕೆ ಹೋಗುವ ಬಸ್ಸಿಗೆ ಅವರನ್ನು ಬಿಡಲು ಹೋದಾಗಲೂ ಅವರ ಬಾಯಲ್ಲಿ ಬೇರೆ ಮಾತಿಲ್ಲ. ಆದರೆ ಅದಕ್ಕೆ ಮೊದಲು ಇನ್ನೊಂದು ನಡೆದಿತ್ತು. ನಾನು ಗಡಿಯಾರಗಳನ್ನು ಪೆಟ್ಟಿಗೆಗೆ ತುಂಬುತ್ತಿರುವಾಗ ಹಜ್ಜಿ ಚಾಯ್ ತರಿಸಿ, ಶೆಟ್ರನ್ನು ಕೂರಿಸಿ, ಅದೇ ಸ್ಥಿತಿಯಿಂದ ಆಟ ಮುಂದುವರಿಸಿದರು. ಗಡಿಯಾರವಿಲ್ಲದೆ. ಬಹುಮಾನ ವಿತರಣೆ ಮುಗಿದರೂ ಅವರದು ಮುಗಿಯಲಿಲ್ಲ. ಕೊನೆಗೆ ಹಜ್ಜಿಯೇ ಗೆದ್ದರು. ಹಾಗಾಗಿ ಅರ್ಧ ಅಂಕ ಶೆಟ್ರಿಗೆ ಲಾಭವೇ ಅಂತ ನಾನು ಸಮಾಧಾನ ಹೇಳಿದ್ದೆ. ಅದು ಅವರಿಗೆ ಹಿಡಿಸಲಿಲ್ಲ.

ಶೆಟ್ರ ಪರವಾಗಿ ಹೇಳಬೇಕಾದದ್ದು ಬೇಕಷ್ಟಿದೆ. ಜರ್ಮನಿಯ ಗ್ರ್ಯಾಂಡ್‌ಮಾಸ್ಟರ್ ಫ್ರೀಡ್ರಿಕ್ ಝೆಮಿಶ್ 1969ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸ್ವೀಡನ್ನಿನ ಒಂದು ಟೂರ್ನಮೆಂಟಿನಲ್ಲಿ ಆಡಿದ ಹದಿಮೂರೂ ಆಟಗಳನ್ನು ಸಮಯ ಮೀರಿಯೇ ಸೋತರು. 2024ರಲ್ಲಿ ಸಿಂಗಾಪುರದ ವಿಶ್ವ ಚಾಂಪಿಯನ್‌ಶಿಪ್ಪಿನ ಮೂರನೇ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ಗುಕೇಶರೆದುರು ಸೋತದ್ದೂ ನಲವತ್ತನೇ ನಡೆಗೆ ಮುಟ್ಟುವ ಮೊದಲೇ ಸಮಯ ಮುಗಿದು. ಡಿಂಗ್‌ಗೆ ನಲವತ್ತು ನಡೆಗೆ ಎರಡು ಗಂಟೆ ಇತ್ತು. ಎರಡು ಗಂಟೆ ಇದ್ದವರಿಗೇ ಸಾಲದೆ ಬಂದರೆ ಇಪ್ಪತ್ತೈದು ನಿಮಿಷದ ಶೆಟ್ರನ್ನು ಏನನ್ನುವುದು?

ಯಂತ್ರವೂ ನಿಯಮವೂ ಆಮೇಲೆ ಬದಲಾದವು. ಬಾಬಿ ಫಿಶರ್ 1989ರಲ್ಲಿ ಪೇಟೆಂಟ್ ಪಡೆದ ಗಡಿಯಾರ ನಡೆಗೊಮ್ಮೆ ಒಂದಿಷ್ಟು ಸೆಕೆಂಡು ಸೇರಿಸಿಕೊಡುತ್ತದೆ. ಇವತ್ತು ಹೆಚ್ಚಿನ ಟೂರ್ನಮೆಂಟುಗಳಲ್ಲಿ ಡಿಜಿಟಲ್ ಗಡಿಯಾರವಿದ್ದು ಅದೇ ಪದ್ಧತಿ. ಈಗಿನ ರ‍್ಯಾಪಿಡ್ ನಿಯಮದ ಪ್ರಕಾರ ಸಮಯ ಮುಗಿದದ್ದು ಆರ್ಬಿಟರ್ ಕಣ್ಣಿಗೆ ಬಿದ್ದರೆ ಅವರು ಹೇಳಲೇಬೇಕು. ಅವತ್ತು ಈ ನಿಯಮ ಇದ್ದಿದ್ದರೆ ಶೆಟ್ರಿಗೆ ಅರ್ಧ ಅಂಕ ಹೆಚ್ಚು, ನನಗೆ ಒಂದು ಬೈಗುಳ ಕಡಿಮೆ.

ಮುಂದಿನ ವಾರವೇ ಶೆಟ್ರು ನನ್ನ ಹತ್ತಿರವಿದ್ದ ಮರದ ಗಡಿಯಾರವೊಂದನ್ನು ಎರವಲು ಒಯ್ದರು. ಕ್ಯಾಂಪಿನ ರೂಮಿನಲ್ಲಿ ರಾತ್ರಿ ಊಟವಾದ ಮೇಲೆ ರೂಮಿನವರನ್ನು ಕೂರಿಸಿ ಆಡಿಸುತ್ತಿದ್ದರಂತೆ. ಅದರಲ್ಲಿ ಅವರು ಕಂಡುಕೊಂಡದ್ದನ್ನು ನನಗೆ ಹೇಳಿದ್ದು ಹೀಗೆ: ಕೈ ಕಾಯಿಯ ಕಡೆ ಹೋಗುವ ಮೊದಲು ಬೋರ್ಡು ಒಮ್ಮೆ ನೋಡುವುದು, ಕಾಯಿ ಇಟ್ಟು ಗುಂಡಿ ಒತ್ತಿದ ಮೇಲೆ ಎರಡೂ ಗಡಿಯಾರ ನೋಡುವುದು, ನಡುವೆ ಗಡಿಯಾರ ನೋಡಿದರೆ ಆಟ ಕೆಡುತ್ತದೆ. ಆಮೇಲಿನ ವರ್ಷಗಳಲ್ಲಿ ಶೆಟ್ರು ಸೋತ ಆಟಗಳಿಗೆ ಲೆಕ್ಕವಿಲ್ಲ. ಸಮಯ ಮೀರಿ ಸೋತದ್ದನ್ನು ಮಾತ್ರ ನಾನು ಕಾಣೆ.

ಈಗ ಊರಿನಲ್ಲಿದ್ದಾರೆ. ಮೊಮ್ಮಗಳಿಗೆ ಡಿಜಿಟಲ್ ಗಡಿಯಾರ ಕೊಡಿಸಿ, ಹದಿನೈದು ನಿಮಿಷ ಇಟ್ಟು, ನಡೆಗೆ ಹತ್ತು ಸೆಕೆಂಡು ಸೇರಿಸಿ ಆಡಿಸುತ್ತಾರೆ. ಮಕ್ಕಳಿಗೆ ಚೆಸ್ ಕಲಿಸುವ ತಂದೆತಾಯಿಯರಲ್ಲಿ ನನ್ನ ಕೋರಿಕೆಯೂ ಅದೇ. ಫೋನಿನಲ್ಲಿ ಮೂರು ನಿಮಿಷದ ಆಟ ಸಿಗುತ್ತದೆಂದು ಅದರಿಂದ ಶುರುಮಾಡಿಸಬೇಡಿ. ಅದರಲ್ಲಿ ಕೈ ಕಲಿಯುತ್ತದೆ, ತಲೆ ಕಲಿಯುವುದಿಲ್ಲ. ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡು. ಮೊದಲ ವರ್ಷಕ್ಕೆ ಅಷ್ಟು ಕೊಡಿ.